ಕಾರುಗಳಿಗೆ ಅಗಲವಾದ ಟೈರುಗಳ ಅಳವಡಿಕೆ: ವಾಹನ ಮಾಲೀಕರು ತಿಳಿದಿರಬೇಕಾದ ವಿಷಯಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ

ಸವೆದ ಟೈರುಗಳನ್ನು ಬದಲಾಯಿಸುವ ಸಂದರ್ಭದಲ್ಲಿ ಮೂಲ ಅಳತೆಗಿಂತ ಅಗಲವಾದ ಟೈರುಗಳನ್ನು ಹಾಕಿಸಬಹುದೇ ಎಂಬ ಪ್ರಶ್ನೆ ಅನೇಕ ಕಾರು ಮಾಲೀಕರಲ್ಲಿ ಉದ್ಭವಿಸುತ್ತದೆ. ನಿರ್ಧಾರ ಕೈಗೊಳ್ಳುವ ಮೊದಲು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು.

1. ಟೈರಿನ ಮೇಲಿನ ಅಂಕಿಗಳ ಅರ್ಥ

ಉದಾಹರಣೆಗೆ, 185/65 ಆರ್ 15 88 ಎಚ್ ಎಂದಿದ್ದಲ್ಲಿ, ಟೈರಿನ ಅಗಲ 185 ಮಿ.ಮೀ.; ಪಕ್ಕದ ಗೋಡೆಯ ಎತ್ತರವು ಅಗಲದ ಶೇ. 65, ರಿಮ್ಮಿನ ವ್ಯಾಸ 15 ಅಂಗುಲ. 88 ಎಂಬುದು ಪ್ರತಿ ಟೈರು 560 ಕಿ.ಗ್ರಾಂ. ಭಾರ ಹೊರಬಲ್ಲದೆಂದೂ, ಎಚ್ ಎಂಬುದು ಗರಿಷ್ಠ ವೇಗ ಗಂಟೆಗೆ 210 ಕಿ.ಮೀ. ಎಂದೂ ಸೂಚಿಸುತ್ತದೆ.

2. ಅಳತೆ ಬದಲಾದರೆ ಆಗುವ ಪರಿಣಾಮ

ಅ) ಮೇಲ್ಕಂಡ ಟೈರಿನ ಬದಲು 195/65 ಆರ್ 15 ಅಳವಡಿಸಿದಲ್ಲಿ ಚಕ್ರದ ವ್ಯಾಸ 621.5 ಮಿ.ಮೀ.ಯಿಂದ 634.5 ಮಿ.ಮೀ.ಗೆ, ಅಂದರೆ ಸುಮಾರು ಶೇ. 2ರಷ್ಟು ಹೆಚ್ಚುತ್ತದೆ. ವೇಗಮಾಪಕವು ಮೊದಲು ತೋರಿಸುತ್ತಿದ್ದ ಅದೇ ಅಂಕಿಯಲ್ಲಿ ವಾಹನವು ಶೇ. 2ರಷ್ಟು ಹೆಚ್ಚು ವೇಗವಾಗಿ ಚಲಿಸುತ್ತಿರುತ್ತದೆ. ನೆಲದಿಂದ ವಾಹನದ ಎತ್ತರ ಹೆಚ್ಚುವುದು ಕೇವಲ 6.5 ಮಿ.ಮೀ. ಮಾತ್ರ.

ಆ) ರಿಮ್ಮನ್ನೂ ಬದಲಿಸಿ 195/55 ಆರ್ 16 ಅಳವಡಿಸಿದಲ್ಲಿ ವ್ಯಾಸ ಬಹುತೇಕ ಅಷ್ಟೇ ಇರುತ್ತದೆ. ಆದರೆ ಪಕ್ಕದ ಗೋಡೆಯು ಸುಮಾರು 13 ಮಿ.ಮೀ. ಕಡಿಮೆಯಾಗುವುದರಿಂದ, ಗುಂಡಿಗಳಿರುವ ಗ್ರಾಮೀಣ ರಸ್ತೆಗಳಲ್ಲಿ ರಿಮ್ ಬಾಗುವ ಹಾಗೂ ಟೈರು ಒಡೆಯುವ ಸಂಭವ ಹೆಚ್ಚು. ಈ ಅಳತೆಯಲ್ಲಿ ಭಾರದ ಸೂಚಿ 87 ಇರುವ ಟೈರು 545 ಕಿ.ಗ್ರಾಂ. ಮಾತ್ರ ಹೊರಬಲ್ಲದು. ಆದ್ದರಿಂದ ಭಾರದ ಸೂಚಿಯು ಮೂಲ ಟೈರಿಗಿಂತ ಕಡಿಮೆ ಇರಕೂಡದು.

ಇ) ಅಗಲವಾದ ಟೈರು ಒಣ ರಸ್ತೆಯಲ್ಲಿ ಹಿಡಿತವನ್ನು ಸ್ವಲ್ಪ ಹೆಚ್ಚಿಸಬಹುದು. ಆದರೆ ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಚಲಿಸುವಾಗ ಅಗಲ ಟೈರು ನೀರಿನ ಮೇಲೆ ಬೇಗನೆ ತೇಲುತ್ತದೆ. ಆಗ ಸ್ಟೀರಿಂಗ್ ಮತ್ತು ಬ್ರೇಕು ಎರಡೂ ನಿಯಂತ್ರಣಕ್ಕೆ ಸಿಗುವುದಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಳೆಗಾಲದ ಪ್ರಯಾಣಕ್ಕೂ, ವಿಶ್ವೇಶ್ವರಯ್ಯ ನಾಲೆಯ ಏರಿ ರಸ್ತೆಗಳಿಗೂ ಇದು ಅನ್ವಯಿಸುತ್ತದೆ. ನಾಲೆ ಏರಿಯ ಮೇಲೆ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಅಂಚಿಗೆ ಸರಿಯುವ ಕಾರಿಗೆ ಒಂದು ಅಡಿಯ ತಪ್ಪೂ ಪ್ರಾಣಾಪಾಯಕ್ಕೆ ಕಾರಣವಾಗಬಹುದು.

ಈ) ಸಾಮಾನ್ಯವಾಗಿ ಇಂಧನ ಬಳಕೆ ಹೆಚ್ಚುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ.

3. ಕಾನೂನಿನ ಅವಕಾಶ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಆದುದರಿಂದ, ತಯಾರಕರು ತಮ್ಮ ಮಾದರಿಯ ಕಾರಿಗೆ ಕೈಪಿಡಿಯಲ್ಲಿ ನಮೂದಿಸಿರುವ ಅಳತೆಗಳಲ್ಲಿಯೇ ಆಯ್ಕೆ ಮಾಡುವುದು ಕ್ಷೇಮಕರ. ಅದಕ್ಕೆ ಹೊರತಾದ ಅಳತೆಯನ್ನು ಅಳವಡಿಸಬಯಸುವವರು, ಖರೀದಿಗೆ ಮುನ್ನವೇ ತಮ್ಮ ವಾಹನ ನೋಂದಣಿಯಾಗಿರುವ ಮಂಡ್ಯ (ಕೆಎ-11) ಅಥವಾ ನಾಗಮಂಗಲ (ಕೆಎ-54) ಕಚೇರಿಯಲ್ಲಿ ನೋಂದಣಿ ಪತ್ರದೊಂದಿಗೆ ವಿಚಾರಿಸುವುದು ಹಾಗೂ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು. ತಿಳಿಸದೆ ಮಾಡಿದ ಬದಲಾವಣೆಯು ಅಪಘಾತದ ನಂತರ ಪರಿಹಾರ ಕೋರುವಾಗ ವಿವಾದಕ್ಕೆ ಎಡೆಮಾಡಬಹುದು.

4. ಖರೀದಿಗೆ ಮುನ್ನ ಪರಿಶೀಲಿಸಬೇಕಾದವು

– ಚಾಲಕರ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿನ ಅಳತೆ ಹಾಗೂ ಗಾಳಿಯ ಒತ್ತಡ.
– ಹೊಸ ಟೈರಿನ ಅಗಲಕ್ಕೆ ಈಗಿನ ರಿಮ್ ಹೊಂದುತ್ತದೆಯೇ ಎಂಬುದು.
– ಪೂರ್ಣ ಭಾರವಿರುವಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ತಗಲುತ್ತದೆಯೇ ಎಂಬುದು.
– ಐ.ಎಸ್.ಐ. ಗುರುತು ಹಾಗೂ ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿ.
– ನಾಲ್ಕೂ ಚಕ್ರಗಳಿಗೆ ಒಂದೇ ಅಳತೆ, ಸ್ಟೆಪ್ನಿಯನ್ನು ಮರೆಯಬಾರದು.

5. ಸಾರಾಂಶ

ಕಾರುಗಳ ಟೈರಿನ ಪಟ್ಟೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾದಲ್ಲಿ ಟೈರನ್ನು ಬದಲಾಯಿಸುವುದು ಕಡ್ಡಾಯ. ಹಿಡಿತ ಕಡಿಮೆಯಾಗಿದೆ ಎನ್ನುವವರು ಮೊದಲು ಗಾಳಿಯ ಒತ್ತಡ, ಚಕ್ರಗಳ ಅಲೈನ್‌ಮೆಂಟ್ ಮತ್ತು ಸವೆತವನ್ನು ಪರೀಕ್ಷಿಸಿಕೊಳ್ಳುವುದು. ಬಹುಪಾಲು ಸಂದರ್ಭಗಳಲ್ಲಿ ಮೂಲ ಅಳತೆಯ ಉತ್ತಮ ದರ್ಜೆಯ ಹೊಸ ಟೈರುಗಳೇ ಸಾಕಾಗುತ್ತವೆ. ಕೇವಲ ಅಂದಕ್ಕಾಗಿ ಅಗಲ ಟೈರುಗಳನ್ನು ಅಳವಡಿಸದಿರಲು ಸಾರ್ವಜನಿಕರಲ್ಲಿ ಕೋರಲಾಗಿದೆ.