ಅಟ್ಟದಲ್ಲಿ ಉಳಿದ ಪೆಟ್ಟಿಗೆಗಳು

ಹಳೆಯ ಮನೆಯ ಅಟ್ಟವನ್ನು ಹತ್ತಿದವರಿಗೆ ಒಂದಲ್ಲ ಒಂದು ಟ್ರಂಕು ಕಣ್ಣಿಗೆ ಬೀಳದೆ ಇರದು. ತುಕ್ಕು ಹಿಡಿದ ಅದರ ಬೀಗಕ್ಕೆ ಕೀಲಿಕೈ ಎಲ್ಲಿದೆಯೆಂಬುದು ಯಾರಿಗೂ ತಿಳಿಯದು. ಆದರೆ ಅದು ಯಾರದೆಂದು ಕೇಳಿದರೆ ಮನೆಯ ಹಿರಿಯರು ತಡವರಿಸದೆ ಹೇಳುತ್ತಾರೆ. ಅದು ನಿಮ್ಮ ಮುತ್ತಜ್ಜಿ ತವರಿನಿಂದ ತಂದದ್ದು, ಇದು ಧಾರವಾಡದಲ್ಲಿ ಓದುವಾಗ ದೊಡ್ಡಪ್ಪನವರು ಹೊತ್ತುಕೊಂಡು ಹೋಗಿದ್ದು ಎಂದು. ಪೆಟ್ಟಿಗೆಯ ಒಡೆಯರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾಗಿದ್ದರೂ ಅವರ ಹೆಸರು ಮಾತ್ರ ಆ ಪೆಟ್ಟಿಗೆಯೊಡನೆ ಉಳಿದಿರುತ್ತದೆ. ಯಾರ ಹೆಸರನ್ನೂ ಕೇಳಲು ಹಿರಿಯರೊಬ್ಬರೂ ಇಲ್ಲದ ಒಂದು ಅಟ್ಟ, ಅಲ್ಲಿ ಸಾಲಾಗಿ ಇಟ್ಟ ನಾನೂರಕ್ಕೂ ಮಿಕ್ಕ ಪೆಟ್ಟಿಗೆಗಳು, ಇವುಗಳ ಕಥೆಯನ್ನು ಈ ಸಂಚಿಕೆಯಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ.

ಅಮೆರಿಕೆಯ ನ್ಯೂಯಾರ್ಕ್ ರಾಜ್ಯದ ಒಳನಾಡಿನಲ್ಲಿ ಸೆನೆಕಾ ಎಂಬ ನೀಳವಾದ ಸರೋವರವಿದೆ. ಅದರ ಪೂರ್ವದ ದಂಡೆಯ ಮೇಲೆ ವಿಲ್ಲಾರ್ಡ್ ಎಂಬ ಮಾನಸಿಕ ಆಸ್ಪತ್ರೆಯಿದ್ದಿತು. 1869ರಲ್ಲಿ ಬಾಗಿಲು ತೆರೆದ ಈ ಆಸ್ಪತ್ರೆಯನ್ನು 1995ರಲ್ಲಿ ರಾಜ್ಯ ಸರ್ಕಾರ ಮುಚ್ಚಿತು. ಮುಚ್ಚುವ ಹೊತ್ತಿನಲ್ಲಿ, ಕಾಪಿಡಲು ಯೋಗ್ಯವಾದದ್ದು ಏನಾದರೂ ಉಂಟೋ ಎಂದು ಕಟ್ಟಡಗಳನ್ನು ಒಂದೊಂದಾಗಿ ನೋಡುತ್ತ ಹೋದ ಸಿಬ್ಬಂದಿಯವರು ಒಂದು ಕಟ್ಟಡದ ಅಟ್ಟದ ಬಾಗಿಲನ್ನು ತೆರೆದರು. ಪಾರಿವಾಳಗಳು ಹಿಕ್ಕೆ ಹಾಕಿದ್ದ ಆ ಅಟ್ಟದಲ್ಲಿ ಮರದ ಕಪಾಟುಗಳು ಸಾಲುಸಾಲಾಗಿ ನಿಂತಿದ್ದವು. ಗಂಡಸರದು ಒಂದು ಕಡೆ, ಹೆಂಗಸರದು ಮತ್ತೊಂದು ಕಡೆ, ಹೆಸರಿನ ಅಕಾರಾದಿ ಕ್ರಮದಲ್ಲಿ ಜೋಡಿಸಿದ ಸೂಟ್‌ಕೇಸುಗಳು, ಟ್ರಂಕುಗಳು, ಚೀಲಗಳು, ಒಂದೊಂದಕ್ಕೂ ಕಟ್ಟಿದ ಚೀಟಿ. 1910ರಿಂದ 1960ರ ದಶಕದವರೆಗೆ ಅಲ್ಲಿಗೆ ಬಂದ ರೋಗಿಗಳು ಹೊತ್ತು ತಂದ ಸಾಮಾನುಗಳವು. ಇಷ್ಟು ಒಪ್ಪವಾಗಿ ಇಟ್ಟಿದ್ದನ್ನು ಮರಳಿ ಕೇಳಲು ಯಾರೂ ಬಂದಿರಲಿಲ್ಲ. ಸಿಬ್ಬಂದಿಯವರು ಅವನ್ನು ಕಸದ ಪಾಲು ಮಾಡದೆ ಆಲ್ಬನಿ ನಗರದಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯದವರಿಗೆ ತಿಳಿಸಿದರು. ಪೆಟ್ಟಿಗೆಗಳು ಅಲ್ಲಿಗೆ ಹೋದವು.

ಈ ಆಸ್ಪತ್ರೆ ಹುಟ್ಟಿದ್ದು ಕ್ರೌರ್ಯದಿಂದಲ್ಲ, ಕನಿಕರದಿಂದ ಎಂಬ ಮಾತನ್ನು ಮೊದಲು ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿ ಪ್ರತಿಯೊಂದು ಜಿಲ್ಲೆಗೂ ಒಂದು ಬಡವರ ಆಶ್ರಯಗೃಹವಿದ್ದಿತು. ವೃದ್ಧರು, ಅನಾಥರು, ಅಂಗವಿಕಲರೊಡನೆ ಬುದ್ಧಿಭ್ರಮಣೆಯಾದವರನ್ನೂ ಅಲ್ಲಿಗೇ ತಳ್ಳುತ್ತಿದ್ದರು. ಯೂಟಿಕಾ ಎಂಬ ಊರಿನಲ್ಲಿ 1843ರಲ್ಲಿ ರಾಜ್ಯದ ಮಾನಸಿಕ ಆಸ್ಪತ್ರೆ ತೆರೆದಿದ್ದರೂ ಅದು ಗುಣವಾಗಬಲ್ಲವರಿಗಾಗಿ ಇದ್ದುದು; ಗುಣವಾಗದವರು ಮರಳಿ ಆಶ್ರಯಗೃಹದ ಕತ್ತಲೆಗೇ ಬರಬೇಕಾಗಿದ್ದಿತು. ಡೊರೊಥಿಯಾ ಡಿಕ್ಸ್ ಎಂಬ ಮಹಿಳೆ ಈ ಗೃಹಗಳನ್ನು ತಾವೇ ಸುತ್ತಿ ನೋಡಿ 1844ರಲ್ಲಿ ರಾಜ್ಯದ ಶಾಸನಸಭೆಗೆ ವಿಜ್ಞಾಪನೆ ಬರೆದರು. ಇಪ್ಪತ್ತು ವರ್ಷಗಳ ನಂತರ, 1864ರಲ್ಲಿ, ಸಿಲ್ವೆಸ್ಟರ್ ವಿಲ್ಲಾರ್ಡ್ ಎಂಬ ವೈದ್ಯರು ಜಿಲ್ಲೆಜಿಲ್ಲೆಯ ಆಶ್ರಯಗೃಹಗಳ ಸ್ಥಿತಿಯನ್ನು ವಿಚಾರಿಸಿ ವರದಿ ಸಿದ್ಧಪಡಿಸಿದರು. ಅದನ್ನು ಓದಿದ ಶಾಸಕರು 1865ರಲ್ಲಿ ಹೊಸ ಆಸ್ಪತ್ರೆಗೆ ಒಪ್ಪಿಗೆಯಿತ್ತರು. ಅದೇ ವರ್ಷ ತೀರಿಕೊಂಡ ವೈದ್ಯರ ಹೆಸರನ್ನೇ ಆಸ್ಪತ್ರೆಗೆ ಇಡಲಾಯಿತು.

1869ರ ಅಕ್ಟೋಬರಿನಲ್ಲಿ ಬಂದ ಮೊದಲ ರೋಗಿ ಮೇರಿ ರೋಟ್ ಎಂಬ ಹೆಂಗಸು. ಆಶ್ರಯಗೃಹವೊಂದರ ಕೋಣೆಯಲ್ಲಿ ಮಲಗಲು ಹಾಸಿಗೆಯಿಲ್ಲದೆ, ಉಡಲು ಬಟ್ಟೆಯಿಲ್ಲದೆ ಹತ್ತು ವರ್ಷ ಸರಪಳಿಯಲ್ಲಿ ಕಳೆದು ಬಂದವಳು. ಅದೇ ದಿನ ಬಂದ ಗಂಡಸರ ಮೈಮೇಲೂ ಕಬ್ಬಿಣದ ಬೇಡಿಗಳಿದ್ದವು. ಅವರಿಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಊಟ ಬಡಿಸಿದ ಆ ದಿನವನ್ನು ನೆನೆದರೆ ವಿಲ್ಲಾರ್ಡಿನ ಸ್ಥಾಪಕರ ಬಗೆಗೆ ಗೌರವವುಂಟಾಗುತ್ತದೆ.

ಆದರೆ ಕನಿಕರದ ಒಳಗೇ ಒಂದು ಬಿರುಕಿದ್ದಿತು. ವಿಲ್ಲಾರ್ಡನ್ನು ಕಟ್ಟಿದ್ದು ಗುಣವಾಗದವರಿಗೆಂದೇ. ರೋಗಿಯನ್ನು ಒಳಗೆ ತೆಗೆದುಕೊಳ್ಳುವಾಗಲೇ ಇವನು ಹಿಂದಿರುಗುವವನಲ್ಲ ಎಂಬ ತೀರ್ಮಾನ ಕಟ್ಟಡದ ಗೋಡೆಯಲ್ಲೇ ಅಡಗಿದ್ದಿತು ಎನ್ನಬಹುದು. ಹೀಗೆ ವಿಂಗಡಿಸುವುದು ಸರಿಯಲ್ಲವೆಂದು ಆ ಕಾಲದ ಕೆಲವು ಮನೋವೈದ್ಯರೇ ವಿರೋಧಿಸಿದ್ದರು. ಅವರ ಮಾತು ನಡೆಯಲಿಲ್ಲ. ಎಂಟೇ ವರ್ಷಗಳಲ್ಲಿ ಒಳರೋಗಿಗಳ ಸಂಖ್ಯೆ 1,500ಕ್ಕೆ ಏರಿ ಅದು ಆ ದೇಶದಲ್ಲಿಯೇ ದೊಡ್ಡ ಮಾನಸಿಕ ಆಸ್ಪತ್ರೆಯಾಯಿತು. ಹೊಲ, ತೋಟ, ಹೈನು, ಹೊಲಿಗೆ, ಚಮ್ಮಾರಿಕೆ, ರಂಗಮಂದಿರ, ಸ್ಮಶಾನ ಎಲ್ಲವೂ ಒಂದೇ ಆವರಣದಲ್ಲಿದ್ದವು. ಕೂಲಿಯಿಲ್ಲದೆ ದುಡಿದವರು ಬಹುಮಟ್ಟಿಗೆ ರೋಗಿಗಳೇ. ದುಡಿಮೆಯಿಂದ ಮನಸ್ಸು ಹದವಾಗುತ್ತದೆ ಎಂಬ ಮಾತಿನಲ್ಲಿ ಸತ್ಯವುಂಟು. ಆದರೆ ಸಂಬಳವಿಲ್ಲದ ದುಡಿಮೆಯ ಮೇಲೆ ಒಂದು ಸಂಸ್ಥೆಯೇ ನಿಂತಾಗ, ಕೈಕೆಲಸ ಬಲ್ಲ ರೋಗಿಯನ್ನು ಮನೆಗೆ ಕಳಿಸಲು ಯಾರಿಗೆ ಅವಸರ? 126 ವರ್ಷಗಳಲ್ಲಿ 50,000ಕ್ಕೂ ಹೆಚ್ಚು ಜನ ಆ ಬಾಗಿಲನ್ನು ಹೊಕ್ಕರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅಲ್ಲಿಯೇ ಕೊನೆಯುಸಿರೆಳೆದರು.

ಇನ್ನು ಪೆಟ್ಟಿಗೆಗಳ ಮಾತು. ಊರಿಗೆ ಹೊರಟವರು ಗಂಟು ಕಟ್ಟುವ ರೀತಿಯನ್ನು ನೋಡಿದರೆ ಅವರು ಎಷ್ಟು ದಿನಕ್ಕೆ ಹೊರಟಿದ್ದಾರೆಂಬುದು ತಿಳಿದುಬಿಡುತ್ತದೆ. ವಿಲ್ಲಾರ್ಡಿಗೆ ಬಂದವರು ತಿರುಗಿ ಹೋಗುವವರಂತೆ ಗಂಟು ಕಟ್ಟಿದ್ದರು. ಜಾನ್ ಕ್ರಿಸ್ಪಿನ್ ಎಂಬ ಛಾಯಾಗ್ರಾಹಕರು 2011ರಿಂದ ಈ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ಚಿತ್ರ ತೆಗೆದಿದ್ದಾರೆ. ಕನ್ನಡಿ, ಬಾಚಣಿಗೆ, ಹೊಲಿಗೆಯ ದಾರ, ಮಡಿಸಿಟ್ಟ ಅಂಗಿ, ಪತ್ರಗಳು, ನೆಂಟರಿಷ್ಟರ ಭಾವಚಿತ್ರಗಳು. ಆ ಚಿತ್ರಗಳನ್ನು ನೋಡುತ್ತ ಕುಳಿತಾಗ ನಮಗೆ ಆಸ್ಪತ್ರೆಯ ನೆನಪೇ ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಮಗಳನ್ನು ಬೀಳ್ಕೊಡುವ ತಾಯಿಯ ನೆನಪಾಯಿತು.

ಡಾರ್ಬಿ ಪೆನ್ನಿ ಎಂಬವರೂ ಪೀಟರ್ ಸ್ಟಾಸ್ಟ್ನಿ ಎಂಬ ಮನೋವೈದ್ಯರೂ ಸೇರಿ, ಪೆಟ್ಟಿಗೆಗಳಲ್ಲಿನ ವಸ್ತುಗಳನ್ನು ಅವುಗಳ ಒಡೆಯರ ಆಸ್ಪತ್ರೆಯ ಕಡತಗಳೊಡನೆ ಹೋಲಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅದರ ಫಲವಾಗಿ 2004ರಲ್ಲಿ ಆಲ್ಬನಿಯಲ್ಲಿ ಒಂದು ಪ್ರದರ್ಶನವೂ 2008ರಲ್ಲಿ ಒಂದು ಪುಸ್ತಕವೂ ಹೊರಬಂದವು. ಅವರು ಬೆಳಕಿಗೆ ತಂದ ಬದುಕುಗಳಲ್ಲಿ ಎರಡು ಮೂರನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಒಬ್ಬಾಕೆ ದಾದಿ. ಸ್ಕಾಟ್ಲೆಂಡಿನಿಂದ ಬಂದು, ಕ್ಷಯರೋಗಿಗಳ ಶುಶ್ರೂಷೆ ಮಾಡುತ್ತ ಸ್ವಂತ ದುಡಿಮೆಯಿಂದ ಬದುಕು ಕಟ್ಟಿಕೊಂಡವಳು. 1941ರಲ್ಲಿ ಆಕೆಯನ್ನು ವಿಲ್ಲಾರ್ಡಿಗೆ ಕರೆತಂದಾಗ ಜೊತೆಗೆ ಹದಿನೆಂಟು ಪೆಟ್ಟಿಗೆಗಳು ಬಂದವು. ಒಂದಿಡೀ ಸಂಸಾರವೇ ಅಟ್ಟ ಏರಿತೆನ್ನಬೇಕು. ಮೂವತ್ತು ವರ್ಷಗಳನ್ನು ದಾಟಿ ಆಕೆ ಅಲ್ಲಿದ್ದಳು. ಅಷ್ಟು ಕಾಲವೂ ಅವಳ ಹದಿನೆಂಟು ಪೆಟ್ಟಿಗೆಗಳು ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿದ್ದವು.

ಇನ್ನೊಬ್ಬಾಕೆ ಮಕ್ಕಳನ್ನು ಕಳೆದುಕೊಂಡ ತಾಯಿ. ಕಟ್ಟಿಕೊಂಡ ಗಂಡನಿಂದಲೂ ಸುಖ ಕಾಣದವಳು. ಒಂಟಿಯಾಗಿ ಬಾಡಿಗೆಯ ಕೋಣೆಯಲ್ಲಿದ್ದು, ಹಾಸಿಗೆ ಬಿಟ್ಟು ಏಳದಂತಾದಾಗ ಮನೆಯೊಡತಿಯ ದೂರಿನ ಮೇಲೆ 1930ರಲ್ಲಿ ಆಕೆಯನ್ನು ಒಯ್ದರು. ಅವಳ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಕೈಯಾರೆ ಹೊಲಿದ ಕೌದಿಗಳು ಮತ್ತು ಎಳೆಯ ಕೂಸಿನ ಬಟ್ಟೆಗಳು. ಕೌದಿ ಹೊಲಿಯುವ ತಾಯಂದಿರನ್ನು ಕಂಡ ನಮ್ಮ ಓದುಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದಾಗಿದ್ದರೆ ಅವಳದನ್ನು ಶೋಕವೆಂದು ಕರೆದು ನಾಲ್ಕು ದಿನ ಯಾರಾದರೂ ಪಕ್ಕದಲ್ಲಿ ಕುಳಿತಿರುತ್ತಿದ್ದರೇನೋ. ಅವಳು ವಿಲ್ಲಾರ್ಡಿನಲ್ಲಿ 40 ವರ್ಷಗಳಿಗೂ ಹೆಚ್ಚು ಕಾಲ ಇದ್ದು ಅಲ್ಲಿಯೇ ತೀರಿಕೊಂಡಳು.

ಮೂರನೆಯವನು ಸೈನ್ಯದಲ್ಲಿ ಸೇವೆ ಮಾಡಿದ ಕರಿಯ ಜನಾಂಗದ ಯುವಕ. 1945ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಹೋಟೆಲೊಂದರಲ್ಲಿ ಅವನಿಗೆ ಒಡೆದ ತಟ್ಟೆಯಲ್ಲಿ ಊಟ ಬಡಿಸಿದರು. ಅವಮಾನ ತಾಳದೆ ಕೂಗಾಡಿ, ಬೀದಿಯ ಕಸದ ಡಬ್ಬಿಗಳನ್ನು ಒದ್ದ. ಪೊಲೀಸರು ಬಂದರು. ಆ ಸಂಜೆಯಿಂದಾಚೆಗೆ ಅವನ ಬದುಕು ಒಂದು ಆಸ್ಪತ್ರೆಯಿಂದ ಮತ್ತೊಂದು ಆಸ್ಪತ್ರೆಗೆ ಸಾಗುತ್ತ ಮುಗಿಯಿತು. ಅವನ ಟ್ರಂಕಿನಲ್ಲಿ ಸೈನ್ಯದ ಸಮವಸ್ತ್ರವಿದ್ದಿತು.

ಇವರೆಲ್ಲ ಪೂರ್ಣ ಸ್ವಸ್ಥರಾಗಿದ್ದರು, ವೈದ್ಯರು ಕೆಡುಕರಾಗಿದ್ದರು ಎಂದು ಹೇಳಿದರೆ ನ್ಯಾಯವಾಗದು. ಅವರಲ್ಲಿ ಅನೇಕರು ನಿಜವಾಗಿಯೂ ಬಳಲುತ್ತಿದ್ದರು. 1950ರ ದಶಕದ ಮಧ್ಯಭಾಗದಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಬಳಕೆಗೆ ಬರುವವರೆಗೆ ತೀವ್ರವಾದ ಮನೋರೋಗಕ್ಕೆ ಕೊಡಲು ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 1955ರಲ್ಲಿ ಅಮೆರಿಕೆಯ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,59,000 ರೋಗಿಗಳಿದ್ದರು. ಅಲ್ಲಿಂದ ಮುಂದೆ ಆ ಸಂಖ್ಯೆ ಇಳಿಯುತ್ತ ಬಂದಿತು. ರೋಗಿಗಳನ್ನು ಊರಿನಲ್ಲಿಯೇ ಇಟ್ಟು ನೋಡಿಕೊಳ್ಳುವ ಕೇಂದ್ರಗಳಿಗಾಗಿ 1963ರಲ್ಲಿ ಕಾನೂನು ಮಾಡಿದರು. ಆಸ್ಪತ್ರೆಗಳು ಮುಚ್ಚಿದಷ್ಟು ಬೇಗ ಆ ಕೇಂದ್ರಗಳು ತೆರೆಯಲಿಲ್ಲ. ಬಿಡುಗಡೆಯಾದವರಲ್ಲಿ ಎಷ್ಟೋ ಮಂದಿ ಬೀದಿಯ ಪಾಲಾದರು, ಕೆಲವರು ಸೆರೆಮನೆ ಸೇರಿದರು. ವಿಲ್ಲಾರ್ಡಿನ ಆವರಣದ ಒಂದು ಭಾಗವನ್ನೇ 1995ರಲ್ಲಿ ಮಾದಕ ವ್ಯಸನಿಗಳಾದ ಕೈದಿಗಳ ಚಿಕಿತ್ಸಾ ಶಿಬಿರವನ್ನಾಗಿ ಮಾಡಲಾಯಿತು. 2022ರಲ್ಲಿ ಅದೂ ಮುಚ್ಚಿತು.

ಆಸ್ಪತ್ರೆಯ ಸ್ಮಶಾನದ ಮಾತನ್ನು ಕೊನೆಗೆಂದು ಉಳಿಸಿಕೊಂಡಿದ್ದೆವು. ಅಲ್ಲಿ ಹೂಳಲ್ಪಟ್ಟವರು 5,776 ಮಂದಿ. ಅಂಥ ಕಡೆ ಹೆಸರು ಕೆತ್ತಿದ ಕಲ್ಲುಗಳಿರುತ್ತವೆಂದು ನಾವು ಊಹಿಸುತ್ತೇವೆ. ವಿಲ್ಲಾರ್ಡಿನಲ್ಲಿ ಇದ್ದುದು ಕಬ್ಬಿಣದ ಚಿಕ್ಕ ಗುರುತುಗಳು, ಅವುಗಳ ಮೇಲೆ ಬರೀ ಸಂಖ್ಯೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡಿಯಾಗುತ್ತದೆಂದು ಅವುಗಳಲ್ಲಿಯೂ ಬಹಳಷ್ಟನ್ನು ಕಿತ್ತುಹಾಕಿದರು. ಸಮಾಧಿ ಮಾಡುವ ಸಂಪ್ರದಾಯದಲ್ಲಿ ಬಂದ ನಮಗೆ, ವರ್ಷಕ್ಕೊಮ್ಮೆ ಹಿರಿಯರ ಗದ್ದುಗೆಗೆ ಹೂವೇರಿಸಿ ಬರುವ ನಮಗೆ, ಗುರುತಿಲ್ಲದ ಆ ಹುಲ್ಲುಗಾವಲು ವಿಶೇಷವಾಗಿ ನೋವುಂಟುಮಾಡುತ್ತದೆ.

ಈ ಸಮಾಧಿಗಳಲ್ಲಿ 1,500ಕ್ಕೂ ಹೆಚ್ಚನ್ನು ಅಗೆದವನು ಒಬ್ಬನೇ ಮನುಷ್ಯ, ಅವನೂ ರೋಗಿಯೇ. ಹೆಸರು ಲಾರೆನ್ಸ್ ಮೋಚಾ. ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಗಲೀಷಿಯಾ ಪ್ರಾಂತದಲ್ಲಿ ಹುಟ್ಟಿ, 1907ರಲ್ಲಿ ಅಮೆರಿಕೆಗೆ ಬಂದು, ಕಿಟಕಿಗಳ ಗಾಜು ತೊಳೆಯುವ ಕೆಲಸದಲ್ಲಿದ್ದವನು. ದೇವರ ದನಿ ಕೇಳಿಸುತ್ತದೆಂದು ಹಾಡುತ್ತ ಪ್ರಾರ್ಥಿಸುತ್ತ ಗದ್ದಲವೆಬ್ಬಿಸಿದನೆಂಬ ಕಾರಣಕ್ಕೆ ಆಸ್ಪತ್ರೆ ಸೇರಿ, 1918ರಲ್ಲಿ ವಿಲ್ಲಾರ್ಡಿಗೆ ಬಂದ. 1937ರಿಂದ ಗುಣಿ ತೋಡುವುದನ್ನೇ ಕಾಯಕ ಮಾಡಿಕೊಂಡ. ಸ್ಮಶಾನದ ಬಳಿಯ ಸಣ್ಣ ಗುಡಿಸಲೇ ಅವನ ವಾಸ. 1968ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡ. ಅವನ ಪೆಟ್ಟಿಗೆಯೂ ಅಟ್ಟದಲ್ಲಿದ್ದಿತು. ಕ್ಷೌರದ ಬಟ್ಟಲು, ಕುಂಚ, ಷರಾಯಿಯ ಭುಜಪಟ್ಟಿ, ಚೆಂದದ ಬೂಟುಗಳು. ಅವನನ್ನೂ ಅದೇ ನೆಲದಲ್ಲಿ ಹೂಳಿದರು. ಅವನಿಗೂ ಹೆಸರಿನ ಕಲ್ಲಿರಲಿಲ್ಲ.

ಸುತ್ತಲಿನ ಊರಿನವರು ಒಂದು ಸಮಿತಿ ಕಟ್ಟಿಕೊಂಡು, ಹೂತವರ ಹೆಸರುಗಳನ್ನು ಕೊಡಿರಿ, ಒಂದು ಸ್ಮಾರಕ ನಿಲ್ಲಿಸುತ್ತೇವೆ ಎಂದು ಸರ್ಕಾರವನ್ನು ಕೇಳಿದರು. ರೋಗಿಗಳ ಗುಟ್ಟು ಕಾಯುವ ಕಾನೂನು ಅಡ್ಡ ಬರುತ್ತದೆಂದು ಮಾನಸಿಕ ಆರೋಗ್ಯ ಇಲಾಖೆ ಉತ್ತರಿಸಿತು. ಛಾಯಾಗ್ರಾಹಕ ಕ್ರಿಸ್ಪಿನ್ ಅವರೂ ತಮ್ಮ ಚಿತ್ರಗಳಲ್ಲಿ ಮನೆತನದ ಹೆಸರುಗಳನ್ನು ಮರೆಮಾಡಬೇಕಾಯಿತು. ಇಲಾಖೆಯ ಮಾತನ್ನು ಸುಮ್ಮನೆ ತಳ್ಳಿಹಾಕಲು ನಮಗೆ ಧೈರ್ಯ ಸಾಲದು. ಹೆಣ್ಣು ಕೊಡುವ, ತರುವ ಮಾತುಕತೆಯ ಹೊತ್ತಿಗೆ ಚಿಕ್ಕಪ್ಪನ ಕಾಯಿಲೆಯನ್ನೋ ಅತ್ತೆಯ ಖಿನ್ನತೆಯನ್ನೋ ಮುಚ್ಚಿಡುವ ಮನೆಗಳನ್ನು ನಾವು ಬಲ್ಲೆವು. ಅವರ ಅಂಜಿಕೆ ಸುಳ್ಳೂ ಅಲ್ಲ. ಆದರೂ ಸತ್ತು ಎಂಬತ್ತು, ನೂರು ವರ್ಷಗಳಾದವರ ಹೆಸರನ್ನು ಮರೆಸಿದರೆ ಕಾಪಾಡಿದಂತಾಗುವುದು ಅವರ ಮಾನವಲ್ಲ, ನಮ್ಮ ಸಂಕೋಚ ಎಂದೇ ನಮಗೆ ತೋರುತ್ತದೆ. ಕಾಯಿಲೆಯು ಕಳಂಕವಾದರೆ ಮಾತ್ರ ಹೆಸರು ಹೇಳಲು ನಾಚಿಕೆ.

ಬಹಳ ದಿನಗಳ ಒತ್ತಾಯದ ಮೇಲೆ ಒಂದು ಹೆಸರಿಗೆ ದಾರಿಯಾಯಿತು. 2015ರ ಮೇ ತಿಂಗಳಲ್ಲಿ ಊರಿನವರು ಸೇರಿ ಆ ಸ್ಮಶಾನದಲ್ಲಿ ಲಾರೆನ್ಸ್ ಮೋಚಾನ ಹೆಸರು ಕೆತ್ತಿದ ಸ್ಮಾರಕವನ್ನು ಅನಾವರಣಗೊಳಿಸಿದರು. ಅದರ ಸುತ್ತಲೂ ಅವನು ತೋಡಿದ ಗುಣಿಗಳು ಹುಲ್ಲಿನ ಕೆಳಗಿವೆ.