ಮೈಸೂರಿನ ಹೆಸರು ಹೊತ್ತ ಕಾಡುಹಣ್ಣು

ಕೊಡಗಿನ ಕಡೆಯಿಂದ ಬಂದು ನಮ್ಮಲ್ಲಿ ಓದುತ್ತಿರುವ ಹುಡುಗನೊಬ್ಬ, ರಜೆ ಮುಗಿಸಿ ಬರುವಾಗ ದೊನ್ನೆಯಲ್ಲಿ ಒಂದಿಷ್ಟು ಕಪ್ಪು ಹಣ್ಣುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಇದರ ಹೆಸರೇನು ಸಾರ್?” ಎಂದ. ಕಪ್ಪಗಿದೆಯಲ್ಲ, ‘ಬ್ಲ್ಯಾಕ್‌ಬೆರಿ’ ಎಂದುಬಿಟ್ಟೆ. ವ್ಯಾಕರಣ ಪಾಠ ಹೇಳುವವನಿಗೆ ಮುಳ್ಳುಪೊದೆಯ ವಿಷಯದಲ್ಲಿ ಅಷ್ಟು ಆತುರ ಸಲ್ಲದು. ವಿಜ್ಞಾನದ ಮೇಷ್ಟರು ನಕ್ಕು, ಹಣ್ಣೊಂದನ್ನು ಮಗುಚಿ ತೋರಿಸಿದರು. ಒಳಗೆ ಟೊಳ್ಳು!

ಗುಟ್ಟು ಅಲ್ಲಿಯೇ ಇದೆ. ಬ್ಲ್ಯಾಕ್‌ಬೆರಿ, ರಾಸ್ಪ್‌ಬೆರಿ ಎರಡೂ ಗುಲಾಬಿಯ ಕುಟುಂಬದ ‘ರೂಬಸ್’ ಎಂಬ ಕುಲಕ್ಕೆ ಸೇರಿದವು. ಎರಡೂ ಪುಟ್ಟ ಪುಟ್ಟ ಹಣ್ಣುಗಳ ಗೊಂಚಲೇ. ಬ್ಲ್ಯಾಕ್‌ಬೆರಿಯನ್ನು ಕಿತ್ತರೆ ನಡುವಣ ದಿಂಡು ಹಣ್ಣಿನೊಡನೆಯೇ ಬರುತ್ತದೆ. ರಾಸ್ಪ್‌ಬೆರಿಯಲ್ಲಿ ದಿಂಡು ತೊಟ್ಟಿನಲ್ಲಿಯೇ ಉಳಿದು, ಹಣ್ಣು ಟೋಪಿಯಂತೆ ಕಳಚಿಕೊಳ್ಳುತ್ತದೆ. ಬಣ್ಣ ಕಪ್ಪಾದರೂ ನಮ್ಮ ಹುಡುಗ ತಂದದ್ದು ರಾಸ್ಪ್‌ಬೆರಿಯ ಜಾತಿಯದು. ಅದೂ ಎಂಥದು? ಹೊರದೇಶಗಳಲ್ಲಿ ‘ಮೈಸೂರು ರಾಸ್ಪ್‌ಬೆರಿ’ ಎಂದೇ ಹೆಸರಾದದ್ದು!

ಮೈಸೂರಿನಲ್ಲಿ ಎಷ್ಟು ಮಂದಿ ಇದನ್ನು ಬಲ್ಲರು? ನಮ್ಮ ಬಯಲಿನ ಗಿಡವಲ್ಲ ಇದು; ಸಹ್ಯಾದ್ರಿಯ ತಂಪಾದ ಎತ್ತರದಲ್ಲಿ, ಕಾಡಿನ ಅಂಚಿನಲ್ಲಿ ಹಬ್ಬುವುದು. ಎಳೆಯ ಕಾಂಡದ ಮೇಲೆ ವಿಭೂತಿ ಬಳಿದಂತೆ ಬಿಳಿಯ ಪುಡಿ, ಕೊಕ್ಕೆಯಂಥ ಮುಳ್ಳು. ಗುಲಾಬಿಯ ಎಲೆಯಂತೆಯೇ ಐದು, ಏಳು, ಒಂಬತ್ತು ಕಿರಿಯೆಲೆಗಳ ಜೋಡಣೆ. ಮೇಲೆ ಹಸುರು, ಮಗುಚಿದರೆ ಸುಣ್ಣದ ಬಿಳುಪು. ನಸುಗೆಂಪು ಹೂ. ಹಣ್ಣು ಮೊದಲು ಕೆಂಪಾಗಿ ಬಳಿಕ ಕಪ್ಪಾಗುತ್ತದೆ.

ಈ ಬಿಳುಪು ವಿದ್ವಾಂಸರನ್ನು ಚೆನ್ನಾಗಿಯೇ ಆಡಿಸಿತು. 1813ರಲ್ಲಿ ಸ್ವೀಡನ್ನಿನ ಥುನ್‌ಬರ್ಗ್ ಇದನ್ನು ‘ರೂಬಸ್ ನಿವಿಯಸ್’, ಹಿಮಧವಳ, ಎಂದು ಕರೆದ. 1815ರಲ್ಲಿ ಇಂಗ್ಲೆಂಡಿನ ಸ್ಮಿತ್ ‘ಲೇಸಿಯೋಕಾರ್ಪಸ್’, ತುಪ್ಪುಳಿನ ಹಣ್ಣು, ಎಂದ. ರಾಕ್ಸ್‌ಬರ್ಗನ ಗ್ರಂಥ ಅವನು ತೀರಿಹೋದ ಮೇಲೆ 1832ರಲ್ಲಿ ಅಚ್ಚಾಗಿ, ‘ಆಲ್ಬೆಸೆನ್ಸ್’, ಬೆಳ್ಳಗಾಗುವುದು, ಎಂಬ ಇನ್ನೊಂದು ಹೆಸರನ್ನು ಕೊಟ್ಟಿತು. ಒಂದೇ ಗಿಡ, ಪ್ರತಿಯೊಬ್ಬನಿಗೂ ಹೊಸತು! ನಮಗೆ ಬೇಕಾದವನು ಇವರ ನಡುವೆ ಬರುವ ಬೆಂಜಮಿನ್ ಹೈನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೆಕೆಂಜಿಯ ಮೈಸೂರು ಸರ್ವೆಯೊಡನೆ ಬಂದು, ಬೆಂಗಳೂರಿನ ಲಾಲ್‌ಬಾಗನ್ನೂ ನೋಡಿಕೊಂಡ ಸಸ್ಯಜ್ಞ. ಅವನು 1819ರಲ್ಲಿ ತೀರಿಕೊಂಡ. ಅವನು ಕೂಡಿಸಿದ ಗಿಡಗಳನ್ನು ಜರ್ಮನಿಯ ವೈದ್ಯ ರೋತ್ 1821ರಲ್ಲಿ ಪ್ರಕಟಿಸಿದಾಗ ‘ರೂಬಸ್ ಮೈಸೋರೆನ್ಸಿಸ್’ ಎಂಬ ಹೆಸರು ಬೆಳಕಿಗೆ ಬಂತು.

ಅಮರಕೋಶದಲ್ಲಾದರೆ ಈ ನಾಲ್ಕೂ ಪರ್ಯಾಯಪದಗಳಾಗಿ ಸುಖವಾಗಿ ಇರುತ್ತಿದ್ದುವು. ಸಸ್ಯಶಾಸ್ತ್ರದ ಕಟ್ಟಳೆ ಬೇರೆ: ಮೊದಲು ಕ್ರಮವಾಗಿ ಪ್ರಕಟವಾದ ಹೆಸರಿಗೇ ಪಟ್ಟ. ಎಂಟು ವರ್ಷ ತಡವಾದ್ದರಿಂದ ನಮ್ಮೂರಿನ ಹೆಸರು ಲ್ಯಾಟಿನ್ನಿನಿಂದ ಇಳಿಯಿತು. ಜನರ ಬಾಯಿಂದ ಇಳಿಯಲಿಲ್ಲ. ಸೆಕೆ ತಾಳುತ್ತದೆಂದು ಫ್ಲಾರಿಡದ ತೋಟಗಳಲ್ಲಿ ಇದನ್ನು ಅಕ್ಕರೆಯಿಂದ ಬೆಳೆಸುತ್ತಾರೆ.

ಗಲಾಪಗೋಸ್ ದ್ವೀಪಗಳಲ್ಲಿ ಮಾತ್ರ ಕಥೆ ಬೇರೆ. 1835ರಲ್ಲಿ ಡಾರ್ವಿನ್ ಕಾಲಿಟ್ಟ ಆ ನೆಲಕ್ಕೆ 1968ರಲ್ಲಿ ಇದನ್ನು ಬೆಳೆಯಾಗಿ ಒಯ್ದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದುವು. ಆಳೆತ್ತರಕ್ಕೂ ಮಿಕ್ಕ ಮುಳ್ಳುಪೊದೆ ಹಬ್ಬಿ, ಬೇರೆಲ್ಲಿಯೂ ಇಲ್ಲದ ಅಲ್ಲಿನ ಗಿಡಮರಗಳನ್ನು ಅಮುಕುತ್ತಿದೆ. ಇಲ್ಲಿ ಕೇಳುವವರಿಲ್ಲದ ಗಿಡ ಅಲ್ಲಿ ದೊಡ್ಡ ಶತ್ರು.

ನೀವು ಬಾಬಾಬುಡನ್‌ಗಿರಿಗೋ ಕೊಡಗಿಗೋ ಹೋದಾಗ ಇಂಥ ಪೊದೆ ಕಂಡರೆ ಎಲೆಯನ್ನು ಮಗುಚಿ ನೋಡಿ; ಹಣ್ಣಿನೊಳಗೆ ದಿಂಡು ಇದೆಯೇ ಎಂದೂ ನೋಡಿ. ನಮ್ಮ ಹುಡುಗನಿಗೆ ನಾಲ್ಕು ಲ್ಯಾಟಿನ್ ಹೆಸರುಗಳನ್ನು ಬರೆದುಕೊಟ್ಟೆ. ಅವನ ಅಜ್ಜಿ ಇದನ್ನು ಏನೆಂದು ಕರೆಯುತ್ತಾರೆಂದು ಮುಂದಿನ ರಜೆಯಲ್ಲಿ ಕೇಳಿ ಬರೆದು ತರಲು ಹೇಳಿದ್ದೇನೆ.