ನಾಡಿ ಹಿಡಿದ ಗಡಿಯಾರ

ಹೊತ್ತನ್ನು ಅಳೆಯಲು ಹುಟ್ಟಿದ ಗಡಿಯಾರವು ಈಗ ತನ್ನನ್ನು ಕಟ್ಟಿಕೊಂಡವನನ್ನೇ ಅಳೆಯತೊಡಗಿದೆ. ಮುಂಜಾನೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡುವ ತರುಣರನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ನೀರಿನ ಹಕ್ಕಿಗಳ ಕಡೆಗಿಂತ ಮಣಿಕಟ್ಟಿನ ಕಡೆಗೇ ಅವರ ದೃಷ್ಟಿ ಹೆಚ್ಚಾಗಿ ಹೊರಳುತ್ತದೆ.

ಇದನ್ನು ಕಂಡು ನಗುವ ಮೊದಲು ಈ ಯಂತ್ರದ ವಂಶಾವಳಿಯನ್ನು ಅರಿಯುವುದು ನ್ಯಾಯ. ಜಾನ್ ಫ್ಲಾಯರ್ ಎಂಬ ಆಂಗ್ಲ ವೈದ್ಯನು ನಾಡಿಯನ್ನು ಗಡಿಯಾರವಿಟ್ಟು ಎಣಿಸುವ ಕ್ರಮವನ್ನು 1707ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದನು. 1977ರಲ್ಲಿ ಫಿನ್ಲೆಂಡಿನಲ್ಲಿ ಸ್ಥಾಪಿತವಾದ ಪೋಲಾರ್ ಸಂಸ್ಥೆಯು 1980ರ ದಶಕದ ಆರಂಭದಲ್ಲಿ, ಎದೆಪಟ್ಟಿಯಿಂದ ಮಣಿಕಟ್ಟಿಗೆ ತಂತಿಯ ನೆರವಿಲ್ಲದೆ ಹೃದಯದ ಬಡಿತವನ್ನು ತಿಳಿಸುವ ಸಾಧನವನ್ನು ತಂದಿತು. 2003ರಲ್ಲಿ ಹೊರಬಂದ ಗಾರ್ಮಿನ್ ಸಂಸ್ಥೆಯ ಫೋರ್‌ರನ್ನರ್, ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳ ಸಂಕೇತದಿಂದ ಓಟದ ದೂರವನ್ನು ಲೆಕ್ಕಹಾಕಿತು. ಈಚಿನವು ಚರ್ಮದ ಮೇಲೆ ಹಸುರು ಬೆಳಕನ್ನು ಬೀರಿ, ರಕ್ತವು ಅದನ್ನು ಹೀರಿಕೊಳ್ಳುವ ಏರಿಳಿತದಿಂದಲೇ ಬಡಿತವನ್ನು ಎಣಿಸುತ್ತವೆ.

ಆದರೆ ಎಣಿಕೆಗೂ ಅರಿವಿಗೂ ಅಂತರವುಂಟು. ಪಟ್ಟಿ ಸಡಿಲವಾದರೆ ಬಡಿತದ ಲೆಕ್ಕ ತಪ್ಪುತ್ತದೆ. ದಟ್ಟವಾದ ಮರಗಳ ಕೆಳಗೆ ದೂರದ ಲೆಕ್ಕ ತಪ್ಪುವುದುಂಟು. 220ರಿಂದ ವಯಸ್ಸನ್ನು ಕಳೆದು ಹೃದಯದ ಬಡಿತದ ಪರಮಾವಧಿಯನ್ನು ಗೊತ್ತುಮಾಡುವ ಪ್ರಸಿದ್ಧ ಸೂತ್ರವಾದರೂ ಸರಾಸರಿಯ ಮಾತು. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತಗಳ ವ್ಯತ್ಯಾಸ ಸಾಮಾನ್ಯ. ನಲವತ್ತು ವರ್ಷದವನಿಗೆ ಸೂತ್ರವು 180 ಎಂದರೆ, ಅವನ ಹೃದಯವು ಅದನ್ನು ಒಪ್ಪಲೇಬೇಕೆಂಬ ನಿಯಮವಿಲ್ಲ.

ಹಾಗಾದರೆ ಇದರ ಪ್ರಯೋಜನವೇನು? ವೇಗವನ್ನು ತಗ್ಗಿಸಲು ಕಲಿಸುವುದೇ ಇದರ ಹಿರಿಯ ಉಪಕಾರವೆಂದು ನನಗೆ ತೋರುತ್ತದೆ. ಹೊಸಬನು ಮೊದಲ ದಿನವೇ ಏದುಸಿರು ಬಿಡುತ್ತ ಓಡಿ, ವಾರ ಕಳೆಯುವುದರೊಳಗೆ ಕಾಲುನೋವೆಂದು ಕುಳಿತುಬಿಡುತ್ತಾನೆ. ಗಡಿಯಾರದ ಅಂಕಿ ಅವನ ಉತ್ಸಾಹಕ್ಕೆ ಕಡಿವಾಣವಾಗಬಲ್ಲದು. ಜೊತೆಗಾರನೊಡನೆ ಪೂರ್ಣ ವಾಕ್ಯಗಳನ್ನು ಆಡುತ್ತ ಓಡಬಲ್ಲೆವಾದರೆ ವೇಗ ಹಿತಮಿತವೆಂಬುದು ಬಲ್ಲವರ ಮಾತು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನೋವಿಜ್ಞಾನಿಯು ದಣಿವಿನ ಅನುಭವವನ್ನೇ 6ರಿಂದ 20ರವರೆಗಿನ ಅಂಕಗಳಲ್ಲಿ ಹೇಳುವ ಕ್ರಮವನ್ನು ರೂಪಿಸಿದನು.

ಓಡುವ ವಿದ್ಯಾರ್ಥಿಗಳಿಗೆ ಹೇಳಬೇಕಾದುದು ಇಷ್ಟು: ಮೊದಲು ನಿಮ್ಮ ಉಸಿರನ್ನು ಕೇಳಿ, ಬಡಿತ ಎಷ್ಟಿರಬಹುದೆಂದು ಮನಸ್ಸಿನಲ್ಲಿ ಊಹಿಸಿ, ಅನಂತರ ಮಣಿಕಟ್ಟನ್ನು ನೋಡಿ. ದಿನದಿನಕ್ಕೆ ಊಹೆಯೂ ಅಂಕಿಯೂ ಹತ್ತಿರವಾಗುತ್ತ ಬಂದರೆ ಯಂತ್ರದಿಂದ ಕಲಿತಂತಾಯಿತು. ಎದೆನೋವೋ ತಲೆಸುತ್ತೋ ಕಂಡಾಗ ಮಾತ್ರ ಗಡಿಯಾರವು ಏನೇ ಹೇಳಲಿ, ಓಟವನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು.